ಕೂರಿಗೆಗೆ ಎಷ್ಟು ಸಾಲು

ರಾಜ್ಯ ಕಚೇರಿಯಿಂದ ಫೋನು ಬಂದ ದಿನ ನಾನು ಹಳೆಯ ಮತದಾರರ ಪಟ್ಟಿಗಳನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವುತ್ತಿದ್ದೆ. ಗೆದ್ದಲು ಹಿಡಿದಿತ್ತು. ರೋಣದ ಪೇಟೆಯಲ್ಲಿ ಬೀಜ ಗೊಬ್ಬರದ ಅಂಗಡಿಯ ಮೇಲಿನ ಆ ಒಂದೇ ಕೋಣೆ ನಮ್ಮ ಪಕ್ಷದ ಕಚೇರಿ. ಎರಡು ಕುರ್ಚಿ, ಒಂದು ಬೆಂಚು, ಒಂದು ಕಪಾಟು, ಒಂದು ಫೋನು, ಮತ್ತು ನಾನು. ಪಕ್ಷ ಒಡೆದಾಗ ನರಗುಂದದವರು ನರಗುಂದದಲ್ಲಿ ತಮ್ಮದೊಂದು ಕಚೇರಿ ಮಾಡಿಕೊಂಡರು, ಗಜೇಂದ್ರಗಡದವರು ಗಜೇಂದ್ರಗಡದಲ್ಲಿ ತಮ್ಮದೊಂದು. ನಡುವಿನ ರೋಣದ ಕೋಣೆಯ ಬೀಗದ ಕೈ ಯಾರೂ ಕೇಳಲಿಲ್ಲ. ಹಾಗಾಗಿ ಅದು ನನ್ನ ಬಳಿಯೇ ಉಳಿಯಿತು. ಕಚೇರಿ ಕಾರ್ಯದರ್ಶಿ ಎಂಬುದು ನನ್ನ ಹುದ್ದೆ. ಪಟ್ಟಿ ಮಾಡುವುದು, ಅರ್ಜಿ ತುಂಬುವುದು, ಬಂದವರಿಗೆ ಚಹಾ ತರಿಸುವುದು ಕೆಲಸ. ಬರುವವರೇ ನಿಂತ ಮೇಲೆ ಚಹಾದ ಕೆಲಸವೂ ನಿಂತಿತ್ತು.

ಫೋನು ಮಾಡಿದವರು ಪಕ್ಷದ ರಾಜ್ಯ ಕಾರ್ಯದರ್ಶಿ. ನನ್ನನ್ನೇ ಹುಡುಕಿಕೊಂಡು ಮಾಡಿದ್ದಲ್ಲ. ಅವರ ಡೈರಿಯಲ್ಲಿದ್ದದ್ದು ಕಚೇರಿಯ ಹಳೆಯ ನಂಬರು, ಎತ್ತಿದವಳು ನಾನು. ವಿಧಾನಸಭೆ ಚುನಾವಣೆ ಹತ್ತಿರ ಬಂದಿತ್ತು. ನಾವು ಹೊಂದಾಣಿಕೆ ಮಾಡಿಕೊಳ್ಳಲಿದ್ದ ಮಿತ್ರಪಕ್ಷ ರೋಣ, ನರಗುಂದ ಎರಡೂ ಕ್ಷೇತ್ರಗಳನ್ನು ತನಗೆ ಬಿಡಿ ಎಂದು ಕೇಳುತ್ತಿತ್ತು. ನಿಮ್ಮ ಭಾಗದಿಂದ ಎರಡು ಬಣದವರು ಎರಡು ಬೂತ್ ಸಮಿತಿ ಪಟ್ಟಿ ಕಳಿಸಿದ್ದಾರೆ, ಯಾವುದನ್ನು ನಂಬಲಿ ಎಂದು ಅವರು ಕೇಳಿದರು. ಒಂದು ತಿಂಗಳಲ್ಲಿ ಒಂದೇ ಪಟ್ಟಿ, ಎಲ್ಲರ ಸಹಿ, ರೋಣದಲ್ಲಿ ಒಂದೇ ಸಮಾವೇಶ, ಅದನ್ನು ನೋಡಲು ಬೆಂಗಳೂರಿನಿಂದ ಒಬ್ಬ ವೀಕ್ಷಕರು. ಇಷ್ಟಾದರೆ ಸೀಟು ಉಳಿಸಿಕೊಳ್ಳುತ್ತೇವೆ ಎಂದರು.

"ಆಗಲಿಲ್ಲಾಂದ್ರೆ ಬಿಟ್ಟುಕೊಡ್ತೀವಿ ಮೇಡಂ. ಈ ಸಲ ಮಷೀನ್ ಮೇಲೆ ನಿಮ್ಮ ಕಡೆ ನಮ್ಮ ಗುರುತೇ ಇರಲ್ಲ."

ಇದನ್ನು ಅವರು ಹವಾಮಾನ ವರದಿ ಓದಿದಂತೆ ಹೇಳಿ ಫೋನಿಟ್ಟರು. ನನಗೆ ಸಿಟ್ಟು ಬಂತು. ಪಕ್ಷ ಒಡೆದದ್ದು ಬೆಂಗಳೂರಿನಲ್ಲಿ. ಎರಡು ವರ್ಷಕ್ಕೆ ಕೂಡಿದ್ದೂ ಅಲ್ಲೇ. ಮೇಲಿನವರು ಹಾರ ಹಾಕಿಕೊಂಡು ಫೋಟೋ ತೆಗೆಸಿಕೊಂಡು ಸುಮ್ಮನಾದರು. ಒಡೆಯುವಾಗ ನಮ್ಮೂರಿನವರೆಗೂ ಬಂದು ಒಡೆದವರು ಕೂಡುವಾಗ ಇತ್ತ ಬರಲೇ ಇಲ್ಲ. ನಮ್ಮ ಗುರುತೇ ಇಲ್ಲದ ಯಂತ್ರದ ಮುಂದೆ ನಿಂತು ನಾನು ಯಾವ ಗುಂಡಿ ಒತ್ತಬೇಕು? ಆ ಪ್ರಶ್ನೆ ತಲೆಯಲ್ಲಿ ಕೂತಿತು, ಏಳಲೇ ಇಲ್ಲ.

ಗುರುತಿನ ವಿಷಯ ಇಲ್ಲೇ ಹೇಳಬೇಕು. ನಮ್ಮದು ಕೂರಿಗೆ. ಮೇಲೊಂದು ಬಟ್ಟಲು, ಬಟ್ಟಲಿನಿಂದ ಕೆಳಗಿಳಿಯುವ ಬಿದಿರಿನ ಕೊಳವೆಗಳು. ಎತ್ತು ಎಳೆಯುತ್ತಿರುವಾಗ ಹಿಂದೆ ನಡೆಯುವ ಹೆಂಗಸು ಬಟ್ಟಲಿಗೆ ಬೀಜ ಬಿಡುತ್ತಾಳೆ, ಅದು ಕೊಳವೆಗಳಲ್ಲಿ ಇಳಿದು ಸಾಲುಸಾಲಾಗಿ ಮಣ್ಣಿಗೆ ಬೀಳುತ್ತದೆ. ಪಕ್ಷ ಒಡೆದ ವರ್ಷ ನರಗುಂದದ ಬಣ ತನ್ನ ಊರುಗಳ ಗೋಡೆಗಳ ಮೇಲೆ ಮೂರು ಸಾಲಿನ ಕೂರಿಗೆ ಬರೆಸಿತು. ಗಜೇಂದ್ರಗಡದ ಬಣ ಬೇಕೆಂದೇ ನಾಲ್ಕು ಸಾಲಿನದು ಬರೆಸಿತು. ಅವರದು ನಕಲಿ ಎಂದು ಇವರು, ಇವರದು ನಕಲಿ ಎಂದು ಅವರು. ಕ್ರಮೇಣ ಗೋಡೆಯ ಮೇಲಿನ ಸಾಲು ಎಣಿಸಿದರೆ ಸಾಕು, ಮನೆಯವರು ಯಾರ ಕಡೆಯವರೆಂದು ತಿಳಿಯುತ್ತಿತ್ತು. ಎರಡನ್ನೂ ಬರೆದವರು ಮಾತ್ರ ಒಬ್ಬರೇ, ರೋಣದ ಬಸ್ ಸ್ಟ್ಯಾಂಡಿನ ಎದುರು ಬೋರ್ಡ್ ಬರೆಯುವ ಅಂಗಡಿ ಇಟ್ಟಿದ್ದ ಚಾಚಾ. ಪಕ್ಷ ಹುಟ್ಟಿದಾಗಿನಿಂದ ಸದಸ್ಯರು. ಕಚೇರಿಗೆ ಈಗಲೂ ಬಂದು ಹೋಗುತ್ತಿದ್ದವರು ಅವರೊಬ್ಬರೇ. ಎರಡು ಥರ ಯಾಕೆ ಬರೆಯುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, ನನ್ನ ಬ್ರಷ್ ಒಂದೇ, ಹೇಳಿದಷ್ಟು ಸಾಲು ಎಳೆಯುತ್ತೇನೆ ಎಂದಿದ್ದರು.

ಬಣಗಳಿಗೆ ಇಬ್ಬರು ಮುಖಂಡರು. ನರಗುಂದದ ವಕೀಲರು ತೂಗಿ ತೂಗಿ ಮಾತಾಡುವವರು. ಗಜೇಂದ್ರಗಡದ ಸಾವಕಾರರು ಕೈಮಗ್ಗದ ಸೀರೆ ವ್ಯಾಪಾರದವರು, ಮೂಗಿನ ತುದಿಯಲ್ಲೇ ಸಿಟ್ಟು. ಒಂದು ಕಾಲದಲ್ಲಿ ಇಬ್ಬರೂ ಒಂದೇ ಮೋಟರ್ ಸೈಕಲ್ಲಿನ ಮೇಲೆ ಹಳ್ಳಿ ತಿರುಗಿದ್ದನ್ನು ನಾನೇ ನೋಡಿದ್ದೇನೆ. ಈಗ ಒಬ್ಬರ ಮದುವೆ ಮನೆಯಲ್ಲಿ ಇನ್ನೊಬ್ಬರು ಊಟಕ್ಕೆ ಕೂರುತ್ತಿರಲಿಲ್ಲ. ಇಬ್ಬರಿಗೂ ಫೋನು ಮಾಡಿದೆ. ಸೀಟು ಹೋಗುತ್ತದೆ ಎಂದ ಕೂಡಲೇ ಇಬ್ಬರೂ ಸಮಾವೇಶಕ್ಕೆ ಒಪ್ಪಿದರು. ಇಷ್ಟು ಸಲೀಸಾಗಿ ಒಪ್ಪಿದರಲ್ಲ ಎಂದು ನಾನು ಹಿಗ್ಗಿದೆ. ತೊಡಕು ಬಂದದ್ದು ಕರಪತ್ರದಲ್ಲಿ.

ನಮ್ಮ ಕಡೆ ಸಭೆ ಹೇಗೆ ನಡೆಯುತ್ತದೆ ಎನ್ನುವುದಕ್ಕಿಂತ ಕರಪತ್ರದಲ್ಲಿ ಯಾರ ಹೆಸರು ಎಲ್ಲಿದೆ ಎನ್ನುವುದೇ ದೊಡ್ಡದು. ಉದ್ಘಾಟನೆ ಯಾರದು, ಅಧ್ಯಕ್ಷತೆ ಯಾರದು, ಘನ ಉಪಸ್ಥಿತಿ ಯಾರದು, ಕೊನೆಗೆ ಸರ್ವರಿಗೂ ಸ್ವಾಗತ ಕೋರುವವರು ಯಾರು. ನನ್ನ ಹೆಸರೇ ಮೊದಲು ಇರಬೇಕೆಂದೇನಿಲ್ಲ, ಅವರದು ಮೊದಲು ಇರಬಾರದು ಅಷ್ಟೇ ಎಂದು ವಕೀಲರು ಹೇಳಿದರು. ಸಾವಕಾರರೂ ಅದನ್ನೇ ಹೇಳಿದರು, ಸ್ವಲ್ಪ ಜೋರಾಗಿ. ಕೂರಿಗೆ ಮೂರು ಸಾಲಿನದೋ ನಾಲ್ಕು ಸಾಲಿನದೋ ಎಂಬ ಪ್ರಶ್ನೆಯೂ ಜೊತೆಗೆ ಬಂತು. ಐದು ದಿನ ಫೋನಿನ ಮೇಲೆ ಫೋನು. ಆರನೆಯ ದಿನ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಅದನ್ನು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಎರಡು ಥರದ ಕರಪತ್ರ ಅಚ್ಚು ಹಾಕಿಸಿದೆ. ನರಗುಂದದ ಕಡೆ ಹಂಚಲು ಮೂರು ಸಾಲಿನ ಕೂರಿಗೆ, ಮೊದಲ ಹೆಸರು ವಕೀಲರದು. ಗಜೇಂದ್ರಗಡದ ಕಡೆ ಹಂಚಲು ನಾಲ್ಕು ಸಾಲಿನ ಕೂರಿಗೆ, ಮೊದಲ ಹೆಸರು ಸಾವಕಾರರದು. ಸ್ಥಳ, ವೇಳೆ ಎರಡರಲ್ಲೂ ಒಂದೇ. ಎರಡು ಊರಿನ ನಡುವೆ ಅಷ್ಟು ದೂರವಿದೆ, ಯಾರು ಎರಡನ್ನೂ ಜೋಡಿಸಿ ನೋಡುತ್ತಾರೆ ಎಂಬುದು ನನ್ನ ಲೆಕ್ಕಾಚಾರ. ಬೇರೆ ಬೇರೆ ಕಟ್ಟು ಕಟ್ಟಿ ಚಾಚಾನ ಅಂಗಡಿಯಲ್ಲಿಟ್ಟು, ಬಂದು ಒಯ್ಯಿರಿ ಎಂದು ಎರಡೂ ಕಡೆ ತಿಳಿಸಿದೆ.

ಎರಡೂ ಬಣದಿಂದ ಒಬ್ಬೊಬ್ಬ ಕಾರ್ಯಕರ್ತರು ಬಂದದ್ದು ರೋಣದ ಸಂತೆಯ ದಿನ, ಒಂದೇ ಗಳಿಗೆಯಲ್ಲಿ. ಇಬ್ಬರೂ ಜೋಳ ಕಡಲೆ ಮಾರಲು ಬಂದವರೇ. ಕಟ್ಟು ಕೈಗೆ ಬಂದ ಕೂಡಲೇ ತಮ್ಮ ನಾಯಕರ ಹೆಸರು ಎಲ್ಲಿದೆ ಎಂದು ನೋಡಲು ಇಬ್ಬರೂ ಬಿಚ್ಚಿದರು. ಆಮೇಲೆ ಒಬ್ಬರ ಕೈಯಲ್ಲಿದ್ದದ್ದನ್ನು ಇನ್ನೊಬ್ಬರು ಇಣುಕಿದರು. ಅಂಗಡಿಯ ಮುಂದೆ ಗದ್ದಲವಾಯಿತು, ಅಂಗಿ ಹಿಡಿಯುವ ತನಕ ಹೋಯಿತು. ಸಂಜೆಯೊಳಗೆ ಇಬ್ಬರು ಮುಖಂಡರೂ ಫೋನು ಮಾಡಿ ಸಮಾವೇಶಕ್ಕೆ ಬರುವುದಿಲ್ಲ ಎಂದರು. ಇಬ್ಬರದೂ ಒಂದೇ ಆಪಾದನೆ, ನಾನು ಎದುರು ಬಣದವಳು. ಎರಡು ವರ್ಷದಲ್ಲಿ ಇಬ್ಬರೂ ಯಾರೂ ಕೇಳದೆ ತಾವಾಗಿಯೇ ಒಪ್ಪಿಕೊಂಡ ಮೊದಲ ವಿಷಯ ಅದು.

ಉಳಿದ ಕರಪತ್ರಗಳನ್ನು ಚಾಚಾ ಬಣ್ಣದ ಡಬ್ಬಿಗಳ ಕೆಳಗೆ ಹಾಸಿದ್ದರು. ನಾನು ಹೋಗಿ ಅವರ ಸ್ಟೂಲಿನ ಮೇಲೆ ಕೂತೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬ್ರಷ್ ತೊಳೆಯುತ್ತಲೇ ಹೇಳಿದರು:

"ನಾ ಗ್ವಾಡಿ ಮ್ಯಾಲೆ ಮಾಡಿದ್ದನ್ನ ನೀವು ಕಾಗದದ ಮ್ಯಾಲೆ ಮಾಡಿದ್ರಿ ಬಾಯಾರ. ನಾನರ ಹೊಟ್ಟಿಪಾಡಿಗೆ ಮಾಡಿದೆ. ನೀವು ಯಾಕ ಮಾಡಿದ್ರಿ?"

ನಾಚಿಕೆಯಾಯಿತು. ಬಣಗಳನ್ನು ಒಂದು ಮಾಡಲು ಹೊರಟವಳು ಅವಕ್ಕೆ ಅಚ್ಚುಕಟ್ಟಾಗಿ ಮುದ್ರಣ ಮಾಡಿಸಿ ಕೊಟ್ಟಿದ್ದೆ.

ಮರುದಿನ ಬೆಳಗ್ಗೆ ಕಚೇರಿಗೆ ಬಂದು ನನಗೆ ಬರುವ ಒಂದೇ ಕೆಲಸ ಹಿಡಿದೆ. ರಾಜ್ಯ ಕಚೇರಿಯವರು ಎರಡೂ ಬಣದ ಬೂತ್ ಪಟ್ಟಿಗಳ ನಕಲು ಕಳಿಸಿದ್ದರು. ತಾಲೂಕು ಕಚೇರಿಯಿಂದ ಹೊಸ ಮತದಾರರ ಪಟ್ಟಿ ತಂದೆ. ಚಾಪೆ ಹಾಸಿ ಮೂರನ್ನೂ ಅಕ್ಕಪಕ್ಕ ಇಟ್ಟುಕೊಂಡು, ಒಂದೊಂದೇ ಬೂತಿನಂತೆ, ನರಗುಂದದ ಬಣದ ಹೆಸರಿಗೆ ಕೆಂಪು ಪೆನ್ಸಿಲ್, ಗಜೇಂದ್ರಗಡದ ಬಣದ ಹೆಸರಿಗೆ ನೀಲಿ ಪೆನ್ಸಿಲ್ ಗುರುತು ಹಾಕುತ್ತ ಹೋದೆ. ಸತ್ತವರ ಹೆಸರು ಸಿಕ್ಕವು, ತೆಗೆದೆ. ಮಂಗಳೂರಿಗೆ, ಗೋವಾಕ್ಕೆ ದುಡಿಯಲು ಹೋದವರ ಹೆಸರು ಸಿಕ್ಕವು, ಸುತ್ತು ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ವಿಚಿತ್ರ ಕಾಣತೊಡಗಿತು. ಬೂತಿನಿಂದ ಬೂತಿಗೆ ಅದೇ ಹೆಸರಿನ ಮೇಲೆ ಕೆಂಪು, ಅದೇ ಹೆಸರಿನ ಮೇಲೆ ನೀಲಿ. ರಾಜೂರಿನಲ್ಲೂ ಹಾಗೆ, ಚಿಕ್ಕನರಗುಂದದಲ್ಲೂ ಹಾಗೆ. ಎರಡೂ ಬಣದವರು ತಮ್ಮವರೆಂದು ಬರೆದುಕೊಂಡಿದ್ದು ಬಹುಪಾಲು ಅದೇ ಜನರನ್ನು.

ನಾನು ಪೆನ್ಸಿಲ್ ಕೆಳಗಿಟ್ಟೆ. ಹಳ್ಳಿಗಳಲ್ಲಿ ಪಕ್ಷ ಎರಡು ಆಗಿರಲೇ ಇಲ್ಲ. ಎರಡಾಗುವಷ್ಟು ಜನವೇ ಉಳಿದಿರಲಿಲ್ಲ.

ಸುಮ್ಮನೆ ಕುತೂಹಲಕ್ಕೆ ರೋಣದ ನನ್ನ ಓಣಿಯ ಬೂತು ತೆಗೆದು ನೋಡಿದೆ. ಮತದಾರರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅದರ ಮೇಲೆ ಕೆಂಪೂ ಇರಲಿಲ್ಲ, ನೀಲಿಯೂ ಇರಲಿಲ್ಲ. ಇಷ್ಟು ವರ್ಷ ಎಲ್ಲರ ಹೆಸರನ್ನೂ ಬರೆದವಳ ಹೆಸರನ್ನು ಯಾರೂ ಬರೆದಿರಲಿಲ್ಲ. ನೋಯಿತು. ಆದರೆ ಅದರ ಬಗ್ಗೆ ಯೋಚಿಸುತ್ತ ಕೂರುವಷ್ಟು ದಿನಗಳಿರಲಿಲ್ಲ, ಪಟ್ಟಿ ಸುತ್ತಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಮುಂದಿನ ಎರಡು ವಾರ ಬಸ್ಸು, ಟಂಟಂ ರಿಕ್ಷಾ, ಕೆಲವು ಕಡೆ ಕಾಲುನಡಿಗೆ. ಹೋದಲ್ಲೆಲ್ಲ ಯಾವ ಬಣ ಎಂದು ಕೇಳಲೇಬಾರದೆಂದು ನಿಯಮ ಮಾಡಿಕೊಂಡೆ. ಕೇಳಿದ್ದು ಮೂರೇ. ಈ ಬೂತಿನಲ್ಲಿ ನಿಮ್ಮ ಓಟು ಇದೆಯೇ? ಮತದಾನದ ದಿನ ಊರಲ್ಲಿರುತ್ತೀರಾ? ಬೆಳಗ್ಗೆ ಯಂತ್ರ ಪರೀಕ್ಷೆಯಾಗುವ ಮೊದಲು ಹೋಗಿ, ಸೀಲು ಹಾಕುವ ತನಕ ಏಜೆಂಟರಾಗಿ ಕೂರುತ್ತೀರಾ? ಮೂರಕ್ಕೂ ಹೌದೆಂದವರ ಹೆಸರು ಮಾತ್ರ ಏಜೆಂಟರ ಜಾಗದಲ್ಲಿ ಬರೆದುಕೊಂಡೆ. ಒಂದು ಊರಲ್ಲಿ ಬಾಗಿಲು ತೆರೆಯಲಿಲ್ಲ. ಇನ್ನೊಂದರಲ್ಲಿ ಚಹಾ ಕೊಟ್ಟು, ಪಕ್ಷದ ಸುದ್ದಿ ಮಾತ್ರ ಬೇಡ ಎಂದರು. ಮತ್ತೊಂದರಲ್ಲಿ ನಮ್ಮ ಹಳೆಯ ಕಾರ್ಯಕರ್ತರೇ ಎದುರು ಪಕ್ಷದ ಶಾಲು ಹೊದ್ದು ಬಂದು, ನಿಮ್ಮವರು ಮೊದಲು ನಿಮ್ಮೊಳಗೆ ಮಾತಾಡಲಿ ಎಂದು ಬುದ್ಧಿ ಹೇಳಿದರು.

ರಾಜೂರಿನಲ್ಲಿ ಒಬ್ಬ ರೈತರು ಎರಡೂ ಪಟ್ಟಿಗೆ ಸಹಿ ಮಾಡಿದ್ದರು. ಯಾಕೆ ಎಂದು ಕೇಳಿದೆ. ಅವರೂ ಬಂದರು, ಇವರೂ ಬಂದರು, ಪಕ್ಷ ಒಂದೇ ಅಂದುಕೊಂಡಿದ್ದೆ ಎಂದರು. ಗೋಡೆಯ ಮೇಲಿನ ಮೂರು ಸಾಲು, ನಾಲ್ಕು ಸಾಲು ನೋಡಿಲ್ಲವೇ ಎಂದದ್ದಕ್ಕೆ ಅವರಿಗೆ ನಗು ಬಂತು.

"ಜ್ವಾಳಕ್ಕ ಮೂರು ಸಾಲಿಂದು ಹೂಡತೀವ್ರಿ, ಕಡ್ಲಿಗೆ ನಾಕು ಸಾಲಿಂದು. ಎರಡೂ ನಮ್ಮ ದನದ ಮನ್ಯಾಗ ಅದಾವ, ನೋಡತೀರೇನು?"

ನೋಡಿದೆ. ಎರಡೂ ಒಂದೇ ಗೋಡೆಗೆ ಒರಗಿ ನಿಂತಿದ್ದವು. ನಕ್ಕೆ, ಆದರೆ ಒಳಗೆ ಉರಿಯಿತು. ಇದಕ್ಕಾಗಿ ಎರಡು ವರ್ಷ ಕಳೆದಿದ್ದೆವಲ್ಲ.

ಚಿಕ್ಕನರಗುಂದದಲ್ಲಿ ಒಬ್ಬ ಹಿರಿಯ ಹೆಂಗಸು ಅಂಗಳದಲ್ಲಿ ಹತ್ತಿ ಬಿಡಿಸುತ್ತಿದ್ದರು. ಊರಿನವರೆಲ್ಲ ಅವರನ್ನು ಅವ್ವ ಎಂದೇ ಕರೆಯುತ್ತಿದ್ದರು. ಹೋದ ಚುನಾವಣೆಯಲ್ಲಿ ಇಡೀ ದಿನ ಕದಲದೆ ಬೂತಿನಲ್ಲಿ ಕೂತ ನಮ್ಮ ಕೆಲವೇ ಏಜೆಂಟರಲ್ಲಿ ಅವರೊಬ್ಬರು. ನನ್ನ ಮೂರು ಪ್ರಶ್ನೆಗೂ ಹತ್ತಿಯಿಂದ ಕಣ್ಣೆತ್ತದೆ ಹೂಂ ಎಂದರು. ಹೆಸರು ಬರೆದುಕೊಂಡು ಏಳುವಾಗ ತಾವೇ ಒಂದು ಪ್ರಶ್ನೆ ಕೇಳಿದರು.

"ನೀ ಯಾವ ಬೂತಿನ್ಯಾಗ ಕುಂಡ್ರತೀ?"

ನನಗೆ ಕಚೇರಿ ಕೆಲಸ ಇರುತ್ತದೆ, ಎಲ್ಲೂ ಕೂರುವುದಿಲ್ಲ ಎಂದೆ. ಅವರು ಮತ್ತೊಂದು ಕಾಯಿ ತೆಗೆದುಕೊಂಡರು.

ತಿರುಗಿ ಬರುವ ಬಸ್ಸಿನಲ್ಲಿ ನಿರ್ಧಾರ ಮಾಡಿದೆ. ಕರಪತ್ರ ಬೇಡ. ವೇದಿಕೆ ಬೇಡ. ಅಧ್ಯಕ್ಷತೆ, ಘನ ಉಪಸ್ಥಿತಿ ಯಾವುದೂ ಬೇಡ. ಯಾರೂ ತಕರಾರು ಮಾಡಲಾಗದ ಕ್ರಮ ಒಂದೇ, ಮತದಾರರ ಪಟ್ಟಿಯ ಬೂತ್ ಸಂಖ್ಯೆ. ಅದನ್ನು ಹಾಕಿದವರು ಸರಕಾರದವರು, ನಮ್ಮ ಬಣದವರಲ್ಲ. ಜನ ಆ ಕ್ರಮದಲ್ಲೇ ಕೂರಬೇಕು, ಆ ಕ್ರಮದಲ್ಲೇ ಸಹಿ ಮಾಡಬೇಕು. ಮುಖಂಡರೂ ಅಷ್ಟೇ. ತಾವು ಓಟು ಹಾಕುವ ಬೂತಿನ ಸಾಲಿನಲ್ಲಿ, ತಮ್ಮ ಓಣಿಯವರ ನಡುವೆ. ಮೊದಲೂ ಇಲ್ಲ, ಕೊನೆಯೂ ಇಲ್ಲ.

ವಕೀಲರ ಮನೆಗೆ ಹೋದಾಗ ಅವರು ಪಟ್ಟಿಯನ್ನು ಕೊನೆಯ ತನಕ ಓದಿ, ಕನ್ನಡಕ ತೆಗೆದರು. ಸಂಘಟನೆ ಅಂದಮೇಲೆ ಅದಕ್ಕೊಂದು ಶ್ರೇಣಿ ಇರಬೇಕು, ತಾಲೂಕಿನ ಮುಖಂಡನನ್ನು ಒಂದು ಬೂತಿನ ಐದನೇ ಹೆಸರು ಮಾಡುವುದು ಸರಿಯಲ್ಲ ಎಂದು ನಿಧಾನವಾಗಿ ವಿವರಿಸಿದರು. ಅವರ ವಾದ ಮುಗಿಯುವ ತನಕ ಕಾದೆ. ವಾದದಲ್ಲಿ ನಾನು ಅವರನ್ನು ಗೆಲ್ಲುವಂತಿರಲಿಲ್ಲ. ನನ್ನ ಕೈಯಲ್ಲಿದ್ದದ್ದು ಕಾಗದ. ಹೋದ ಚುನಾವಣೆಯಲ್ಲಿ ಏಜೆಂಟರ ನೇಮಕ ಪತ್ರ ತುಂಬಿದವಳು ನಾನೇ, ಯಾವ ಬೂತಿನಲ್ಲಿ ಯಾರು ಕೂತರು ಎಂಬ ದಾಖಲೆ ನನ್ನ ಕಪಾಟಿನಲ್ಲಿತ್ತು. ಅವರ ಬೂತಿನ ಹಾಳೆ ತೆಗೆದು ಮುಂದಿಟ್ಟೆ. ಹೆಸರಿನ ಜಾಗ ಖಾಲಿ.

"ನೀವು ಓಟು ಹಾಕಿದ ಬೂತಿನ್ಯಾಗ ಹ್ವಾದ ಸಲ ನಮ್ಮ ಏಜೆಂಟರ ಇರಲಿಲ್ರಿ," ಎಂದೆ.

ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮನೆಯಾಕೆ ಆ ದಿನ ಓಟು ಹಾಕಿ ಬಂದು ಇದನ್ನೇ ಹೇಳಿದ್ದಳು, ಅವಸರದಲ್ಲಿ ಓಟು ಹಾಕಿ ಹೋಗಿದ್ದ ನಾನು ಗಮನಿಸಿರಲಿಲ್ಲ, ಅವಳನ್ನು ನಂಬಲೂ ಇಲ್ಲ ಎಂದರು. ಆಮೇಲೆ ಮೆಲ್ಲಗೆ ಕೇಳಿದರು:

"ಸಾವಕಾರಂದು?"

"ಅವರ ಬೂತಿನ್ಯಾಗೂ ಇರಲಿಲ್ರಿ."

ವಕೀಲರು ನಕ್ಕರು. ಅವರು ನಕ್ಕದ್ದನ್ನು ನಾನು ಎಷ್ಟೋ ವರ್ಷದ ಮೇಲೆ ನೋಡಿದೆ. ಐದನೇ ಹೆಸರಾಗಿ ಇರಲು ಒಪ್ಪಿದರು.

ಗಜೇಂದ್ರಗಡದಲ್ಲಿ ಇಷ್ಟು ಸುಲಭವಾಗಲಿಲ್ಲ. ಸಾವಕಾರರು ಸೀರೆಗಳ ನಡುವೆ ಕೂತಿದ್ದರು, ಗಿರಾಕಿಗಳಿದ್ದರು. ಖಾಲಿ ಹಾಳೆ ನೋಡಿ ಅದನ್ನು ತೆಗೆದು ಗಾದಿಯ ಆಚೆ ಎಸೆದರು. ಇದನ್ನು ವಕೀಲನೇ ಬರೆಸಿ ಕಳಿಸಿದ್ದಾನೆ ಎಂದರು. ನನಗೂ ಅಷ್ಟೊತ್ತಿಗೆ ತಾಳ್ಮೆ ಮುಗಿದಿತ್ತು. ಹಾಳೆ ಎತ್ತಿಕೊಂಡು ಬಂದು ಮತ್ತೆ ಅವರ ಮುಂದಿಟ್ಟೆ, ವಕೀಲರ ಬೂತಿನದೂ ಹೀಗೇ ಖಾಲಿ ಎಂದೆ. ನಿಮ್ಮ ಅಂಗಡಿಯಲ್ಲಿ ಒಂದು ಸೀರೆಯ ಸೆರಗು ಹರಿದಿದ್ದರೆ ಮಡಿಚಿ ಒಳಗಿಡುತ್ತೀರಾ, ತೆಗೆದು ಸರಿ ಮಾಡಿಸುತ್ತೀರಾ ಎಂದು ಗಿರಾಕಿಗಳ ಎದುರಿಗೇ ಕೇಳಿದೆ. ಗಾದಿಯ ಮೇಲಿದ್ದ ಅವರ ತಾಯಿ ಹೌದಲ್ಲೋ ಎಂದರು. ಅವರು ನನ್ನ ಮುಖ ನೋಡದೆ, ಬರುತ್ತೇನೆ, ಸಹಿ ಮಾಡುತ್ತೇನೋ ಇಲ್ಲವೋ ಅಲ್ಲಿ ನೋಡೋಣ ಎಂದರು. ಅಷ್ಟನ್ನೇ ಹಿಡಿದುಕೊಂಡು ಬಂದೆ.

ಉಳಿದದ್ದು ಗೋಡೆಗೆ ಕಟ್ಟುವ ಬಟ್ಟೆಯ ಬ್ಯಾನರು. ಎಷ್ಟು ಸಾಲಿನ ಕೂರಿಗೆ ಬರೆಯಲಿ ಎಂದು ಚಾಚಾ ಕೇಳಿದರು. ಚುನಾವಣಾ ಆಯೋಗದ ಚಿತ್ರ ಹೇಗಿದೆಯೋ ಹಾಗೆ ಎಂದೆ. ಆಯೋಗದ ಚಿತ್ರ ಹೇಗಿದೆ ಎಂದರು. ನನಗೆ ಗೊತ್ತಿರಲಿಲ್ಲ. ಕಪಾಟಿನ ತಳದ ಫೈಲಿನಲ್ಲಿ, ಪಕ್ಷಕ್ಕೆ ಗುರುತು ಸಿಕ್ಕಾಗ ಬಂದ ಹಾಳೆ ಇತ್ತು. ಅದನ್ನು ಫೈಲಿಗೆ ಹಾಕಿದವಳು ನಾನೇ, ಆಮೇಲೆ ಒಂದು ಸಲವೂ ತೆಗೆದು ನೋಡಿರಲಿಲ್ಲ. ಚಾಚಾ ಹಾಳೆಯನ್ನು ಬೆಳಕಿಗೆ ಹಿಡಿದರು. ಕೂರಿಗೆಯನ್ನು ಪಕ್ಕದಿಂದ ಬರೆದಿದ್ದರು. ಮೇಲೆ ಬಟ್ಟಲು, ಕೆಳಗೆ ಒಂದೇ ಕೊಳವೆ. ಉಳಿದವು ಅದರ ಹಿಂದೆ ಮರೆಯಾಗಿದ್ದವು, ಮೂರಿದ್ದವೋ ನಾಲ್ಕಿದ್ದವೋ ಹೇಳುವಂತಿರಲಿಲ್ಲ. ಇಷ್ಟು ವರ್ಷ ಯಂತ್ರದ ಮೇಲೆ ನಾವು ಗುಂಡಿ ಒತ್ತಿದ್ದು ಈ ಚಿತ್ರದ ಎದುರಿಗೆ, ಹೊರಗೆ ಬಂದು ಜಗಳಾಡಿದ್ದು ಸಾಲುಗಳಿಗೆ.

"ಇಷ್ಟೇ ಬರದಿದ್ರ ನನಗ ಬಣ್ಣನೂ ಉಳೀತಿತ್ತಲ್ರಿ ಬಾಯಾರ," ಎಂದು ಚಾಚಾ ಬ್ರಷ್ ಎತ್ತಿಕೊಂಡರು.

ಸಮಾವೇಶ ರೋಣದ ಒಂದು ಮಂಗಲ ಕಾರ್ಯಾಲಯದಲ್ಲಿ. ಬೆಳಗ್ಗೆಯೇ ಹೋಗಿ ಜಮಖಾನ ಹಾಸಿ, ಸುಣ್ಣದ ಕಡ್ಡಿಯಿಂದ ಅಂಚಿನ ನೆಲದ ಮೇಲೆ ಬೂತ್ ಸಂಖ್ಯೆ ಬರೆದೆ, ನರಗುಂದ ಕ್ಷೇತ್ರ ಎಡಕ್ಕೆ, ಗಜೇಂದ್ರಗಡವೂ ಸೇರಿದ ರೋಣ ಕ್ಷೇತ್ರ ಬಲಕ್ಕೆ. ಜನ ಬಂದರು. ನಾನು ಅಂದುಕೊಂಡದ್ದಕ್ಕಿಂತ ಕಡಿಮೆ, ಹೆದರಿದ್ದಕ್ಕಿಂತ ಹೆಚ್ಚು. ತಂತಮ್ಮ ಸಂಖ್ಯೆ ಹುಡುಕಿಕೊಂಡು ಕೂತರು. ಬೆಂಗಳೂರಿನ ವೀಕ್ಷಕರು ಬಂದು ಕುರ್ಚಿಗಾಗಿ ಅತ್ತಿತ್ತ ನೋಡಿದರು, ಕಾಣದೆ ಶೂ ಬಿಚ್ಚಿ ಜಮಖಾನದ ಮೂಲೆಯಲ್ಲಿ ಕೂತರು. ವಕೀಲರು ಬಂದು ತಮ್ಮ ಓಣಿಯವರ ನಡುವೆ ಕೂತರು. ಸಾವಕಾರರು ಬಂದರು. ಅವರ ಜೊತೆಗಿದ್ದವರು ತಂದಿದ್ದ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಬಾಗಿಲ ಗೂಟಕ್ಕೆ ತೂಗುಹಾಕಿದರು. ಸಾವಕಾರರು ಬ್ಯಾನರು ನೋಡುತ್ತ ನಿಂತರು.

ಇದು ಯಾರ ಕೂರಿಗೆ ಎಂದು ಕೇಳಿದರು. ಅದೇ ಪ್ರಶ್ನೆ ಆ ಕಡೆಯಿಂದ ವಕೀಲರದೂ ಇತ್ತೆಂದು ಅವರ ಮುಖ ಹೇಳುತ್ತಿತ್ತು. ನಾನು ಆಯೋಗದ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿದೆ. ಹಾಳೆ ಸಾಲುಸಾಲಾಗಿ ಹೋಯಿತು. ನೋಡಿದವರು ಬ್ಯಾನರಿನ ಕಡೆ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಚಿಕ್ಕನರಗುಂದದ ಅವ್ವ ಮಾತ್ರ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಬಟ್ಟಲು ಚಲೋ ಬರೆದಿದ್ದಾರೆ ಎಂದರು. ಬೀಜ ಬಿಡುತ್ತ ಹಿಂದೆ ನಡೆಯುವವರಿಗೆ ಕಾಣುವುದು ಅದೊಂದೇ ಅಂತೆ.

ಸಹಿ ಶುರುವಾಯಿತು. ಮೊದಲ ಬೂತಿನಿಂದ, ಒಂದೊಂದೇ ಸಾಲು. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರು. ವಕೀಲರ ಸಾಲು ಬಂದಾಗ ಅವರು ಐದನೆಯವರಾಗಿ, ನಾಲ್ಕನೆಯವರ ಬೆನ್ನಮೇಲೆ ಕಾಗದ ಇಟ್ಟು ಬರೆದರು. ಬಲಗಡೆಗೆ ಬಂದು ಗಜೇಂದ್ರಗಡದ ಬೂತು ತಲುಪಿದಾಗ ಸಾವಕಾರರು ಪೆನ್ನು ಹಿಡಿದು ಕೂತೇ ಇದ್ದರು. ಇಡೀ ಕಾರ್ಯಾಲಯ ಕಾಯಿತು. ಅವರು ತಲೆಯೆತ್ತಿ, ಅಷ್ಟು ಜನರ ಆಚೆ ಕೂತಿದ್ದ ವಕೀಲರನ್ನು ಕೂಗಿ ಕೇಳಿದರು:

"ನಿನ್ನ ಬೂತಿನ್ಯಾಗೂ ಯಾರೂ ಇರಲಿಲ್ಲಂತಲ್ಲೋ?"

"ಇಲ್ಲೋ ಮಾರಾಯಾ. ಈ ಸಲ ನಾನ ಕುಂಡ್ರತೀನಿ," ಎಂದರು ವಕೀಲರು.

ಸಾವಕಾರರು ಸಹಿ ಮಾಡಿದರು. ಚಪ್ಪಾಳೆ ಬೀಳಲಿಲ್ಲ, ಯಾಕೆಂದರೆ ಕಾಗದ ಆಗಲೇ ಮುಂದಿನವರ ಕೈಗೆ ಹೋಗಿತ್ತು. ಆದರೆ ಅವರಿಬ್ಬರು ಒಬ್ಬರನ್ನೊಬ್ಬರು ಏಕವಚನದಲ್ಲಿ ಕರೆದದ್ದನ್ನು ಎಲ್ಲರೂ ಕೇಳಿಸಿಕೊಂಡಿದ್ದರು.

ರೋಣದ ಬೂತುಗಳಿಗೆ ಬಂದೆವು. ನನ್ನ ಓಣಿಯ ಸಾಲಿನಲ್ಲಿ ಚಾಚಾ, ಇನ್ನಿಬ್ಬರು. ಏಜೆಂಟರ ಜಾಗ ಖಾಲಿ ಇತ್ತು. ಇಡೀ ದಿನ ಕೂರಲು ಆ ಮೂವರಿಗೂ ಆಗುತ್ತಿರಲಿಲ್ಲ, ಎಷ್ಟು ಹುಡುಕಿದರೂ ಬೇರೆ ಯಾರೂ ಸಿಕ್ಕಿರಲಿಲ್ಲ. ವೀಕ್ಷಕರ ಕಣ್ಣಿಗೆ ಬೀಳದಿರಲಿ ಎಂದು ನಾನು ಹಾಳೆಯನ್ನು ಬೇಗ ತಿರುವಲು ನೋಡಿದೆ. ಹೊರಡಲು ಎದ್ದು ನನ್ನ ಪಕ್ಕಕ್ಕೆ ಬಂದಿದ್ದ ಅವ್ವ ಆ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಓದು ಬಾರದವರು, ಆದರೆ ಖಾಲಿ ಎಂಬುದು ಅವರಿಗೆ ಕಂಡಿತ್ತು.

"ಇದು ಯಾರ ಜಾಗಾ?"

ಯಾರೂ ಇಲ್ಲ ಎಂದೆ. ನನ್ನ ಹೆಸರು ನರಗುಂದದವರ ಪಟ್ಟಿಯಲ್ಲೂ ಇರಲಿಲ್ಲ, ಗಜೇಂದ್ರಗಡದವರ ಪಟ್ಟಿಯಲ್ಲೂ ಇರಲಿಲ್ಲ ಎಂಬುದು, ಹೇಳಬಾರದೆಂದುಕೊಂಡಿದ್ದು, ಬಾಯಿಂದ ಬಂದುಬಿಟ್ಟಿತು. ವಕೀಲರು ತಲೆ ಕೆಳಗೆ ಹಾಕಿದರು. ಚಾಚಾ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಬೋರ್ಡ್ ಬರೆಯುವವರ ದುಂಡನೆಯ ಅಕ್ಷರದಲ್ಲಿ ಆ ಜಾಗದಲ್ಲಿ ನನ್ನ ಹೆಸರು ಬರೆದು, ಸಹಿ ಮಾಡಿರಿ ಎಂದು ಹಾಳೆ ನನ್ನ ಕಡೆ ತಿರುಗಿಸಿದರು. ಮಾಡಿದೆ. ಕಣ್ಣು ಮಂಜಾಗಿ ಸಹಿ ಗೆರೆಯಿಂದ ಕೆಳಗಿಳಿಯಿತು, ಇವತ್ತಿಗೂ ಆ ಹಾಳೆಯಲ್ಲಿ ಹಾಗೇ ಇದೆ.

ವಾರದ ಮೇಲೆ ರಾಜ್ಯ ಕಾರ್ಯದರ್ಶಿಗಳು ಫೋನು ಮಾಡಿ ಎರಡೂ ಸೀಟು ಉಳಿದವು ಎಂದರು. ಅದೇ ಹವಾಮಾನ ವರದಿಯ ದನಿ. ಚಾಚಾ ಸುಣ್ಣದ ಬಕೀಟು ಹಿಡಿದು ಊರೂರು ತಿರುಗಿ ತಾವೇ ಬರೆದ ಸಾಲುಗಳನ್ನು ತಾವೇ ಅಳಿಸಿದರು. ಗೆದ್ದಿರಾ ಎಂದು ಕೇಳುವವರಿದ್ದಾರೆ. ಒಂದು ಕಡೆ ಸೋತೆವು, ಇನ್ನೊಂದು ಕಡೆ ಇನ್ನೂ ಸ್ವಲ್ಪ ಹೆಚ್ಚು ಸೋತೆವು. ಫಲಿತಾಂಶ ಬಂದ ಮರುವಾರ ವಕೀಲರೂ ಸಾವಕಾರರೂ ರೋಣದ ಕಚೇರಿಗೆ ಬಂದು ಒಂದೇ ಬೆಂಚಿನ ಮೇಲೆ ಕೂತು, ಯಾವ ಬೂತಿನಲ್ಲಿ ಎಲ್ಲಿ ಎಡವಿದೆವು ಎಂದು ನನ್ನ ಪಟ್ಟಿ ಹಿಡಿದು ಜಗಳಾಡಿದರು. ನಾನು ಚಹಾ ತರಿಸಿದೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಮತದಾನದ ಬೆಳಗು. ಶಾಲೆಯ ಕೋಣೆಯಲ್ಲಿ ಅಧಿಕಾರಿಗಳು ಯಂತ್ರ ಜೋಡಿಸುತ್ತಿದ್ದರು. ಬೇರೆ ಪಕ್ಷಗಳ ಏಜೆಂಟರು ಬೆಂಚಿನ ಮೇಲೆ ಕೂತಿದ್ದರು. ಇಷ್ಟು ವರ್ಷ ಬೇರೆಯವರಿಗಾಗಿ ತುಂಬಿದ ನೇಮಕ ಪತ್ರ ಈ ಸಲ ನನ್ನ ಹೆಸರಿನಲ್ಲೇ ಕೈಯಲ್ಲಿತ್ತು. ಯಂತ್ರದ ಮೇಲಿನ ಚೀಟಿ ಕಾಣುವಂತೆ ಅಧಿಕಾರಿಗಳು ಅದನ್ನು ನಮ್ಮ ಕಡೆ ತಿರುಗಿಸಿದರು. ಮೇಲಿನಿಂದ ಓದುತ್ತ ಬಂದೆ. ಇತ್ತು. ಒಂದು ಬಟ್ಟಲು, ಕೆಳಗೆ ಒಂದು ಕೊಳವೆ. ಪ್ರಯೋಗದ ಮತ ಹಾಕಿ ತೋರಿಸುವ ಮೊದಲು ಅವರು ಒಂದೊಂದೇ ಪಕ್ಷದ ಏಜೆಂಟರನ್ನು ಕರೆದು ಸಹಿ ತೆಗೆದುಕೊಳ್ಳತೊಡಗಿದರು.

"ಕೂರಿಗಿ ಪಕ್ಷದ ಏಜೆಂಟರ ಯಾರ್ರಿ?" ಎಂದು ಕೇಳಿದರು.

ರೂಢಿಯಂತೆ ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

"ನಾನ್ರಿ," ಎಂದೆ, ಎದ್ದು ನಿಂತು.